ಜಾಲತಾಣಕ್ಕೆ ಹೆಸರಿಡುವ ಮುನ್ನ: ಪರರ ವ್ಯಾಪಾರ ಚಿಹ್ನೆ ತರುವ ತೊಡಕು

ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಸುತ್ತಿನ ಹಳ್ಳಿಗಳಲ್ಲಿ ಭತ್ತ, ಕಬ್ಬು ಮತ್ತು ಹೈನುಗಾರಿಕೆ ರೈತರ ಮುಖ್ಯ ಆಧಾರ. ಆಲೆಮನೆಯ ಬೆಲ್ಲವನ್ನಾಗಲಿ, ಗಿರಣಿಯ ಅಕ್ಕಿಯನ್ನಾಗಲಿ ಮಂಡಿಯ ದಲ್ಲಾಳಿಯ ಮೂಲಕವೇ ಮಾರಬೇಕೆಂಬ ಕಾಲ ಈಗಿಲ್ಲ. ಅಂತರಜಾಲದಲ್ಲಿ ತಮ್ಮದೇ ಜಾಲತಾಣ ತೆರೆದು ಬೆಂಗಳೂರು, ಮೈಸೂರಿನ ಬಳಕೆದಾರರಿಗೆ ನೇರವಾಗಿ ಮಾರುವ ಅನುಕೂಲ ರೈತರಿಗೂ ಒದಗಿದೆ. ಇದು ಸ್ವಾಗತಾರ್ಹ. ಆದರೆ ತಾಣದ ಹೆಸರಿನಲ್ಲಿ ಹೆಸರಾಂತ ಕಂಪನಿಯ ಅಥವಾ ಸಹಕಾರ ಸಂಸ್ಥೆಯ ಹೆಸರನ್ನು ಸೇರಿಸಿಕೊಂಡರೆ, ಕಷ್ಟಪಟ್ಟು ಬೆಳೆಸಿದ ವ್ಯಾಪಾರ ಒಂದು ನೋಟೀಸಿನಿಂದ ನಿಂತುಹೋಗುವ ಸಂಭವವುಂಟು.

ವಿಳಾಸ ಬೇರೆ, ಹೆಸರಿನ ಹಕ್ಕು ಬೇರೆ

ಜಾಲತಾಣದ ವಿಳಾಸಕ್ಕೆ ಡೊಮೈನ್ ಹೆಸರು ಎನ್ನುತ್ತಾರೆ. ಇದನ್ನು ವರ್ಷಕ್ಕಿಷ್ಟೆಂದು ಶುಲ್ಕ ಕಟ್ಟಿ ಪಡೆಯಬೇಕು. ಮೊದಲು ಕೇಳಿದವರಿಗೆ ಮೊದಲು ಎಂಬುದೇ ಇಲ್ಲಿನ ಪದ್ಧತಿ. ಆ ಹೆಸರು ಇನ್ನೊಬ್ಬರ ವ್ಯಾಪಾರ ಚಿಹ್ನೆಯೇ, ಅಂದರೆ ಟ್ರೇಡ್‌ಮಾರ್ಕೇ ಎಂಬುದನ್ನು ವಿಳಾಸ ಕೊಡುವ ಕಂಪನಿ ಸಾಮಾನ್ಯವಾಗಿ ಪರಿಶೀಲಿಸುವುದಿಲ್ಲ. ಆದುದರಿಂದ "ಹೆಸರು ಸಿಕ್ಕಿದೆ, ಹಣ ಕಟ್ಟಿದೆ, ಇನ್ನು ಅದು ನಮ್ಮದೇ" ಎಂದು ತಿಳಿಯುವುದು ತಪ್ಪು. ಕಂದಾಯದ ರಸೀದಿಯೊಂದರಿಂದಲೇ ಜಮೀನಿನ ಒಡೆತನ ಸಿದ್ಧವಾಗದು. ಇಲ್ಲಿಯೂ ಹಾಗೆಯೇ.

ನಮ್ಮ ದೇಶದಲ್ಲಿ ಹೆಸರಿನ ಹಕ್ಕನ್ನು ಕಾಪಾಡುವುದು 1999ರ ವ್ಯಾಪಾರ ಚಿಹ್ನೆಗಳ ಕಾಯಿದೆ. ಇದು 2003ರ ಸೆಪ್ಟೆಂಬರ್ 15ರಿಂದ ಜಾರಿಯಲ್ಲಿದೆ. ನೋಂದಾಯಿಸಿದ ಚಿಹ್ನೆಯನ್ನು, ಅಥವಾ ಮೋಸಹೋಗುವಷ್ಟು ಅದನ್ನೇ ಹೋಲುವ ಹೆಸರನ್ನು, ಅಪ್ಪಣೆಯಿಲ್ಲದೆ ಅಂತಹುದೇ ಸರಕಿಗೆ ಬಳಸಿದರೆ ಹಕ್ಕಿನ ಉಲ್ಲಂಘನೆಯಾಗುತ್ತದೆ. ಚಿಹ್ನೆ ನೋಂದಣಿಯಾಗಿರದಿದ್ದರೂ, ತಮ್ಮ ಮಾಲನ್ನು ಇನ್ನೊಬ್ಬರ ಮಾಲೆಂದು ನಂಬುವಂತೆ ಮಾರುವುದರ ವಿರುದ್ಧ ದಾವೆ ಹೂಡಲು ಅವಕಾಶವಿದೆ.

ಬೆಂಗಳೂರಿನಿಂದ ದೆಹಲಿಗೆ ಹೋದ ಮೊಕದ್ದಮೆ

ಡೊಮೈನ್ ಹೆಸರಿಗೂ ಈ ಕಾನೂನು ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದ್ದು ಬೆಂಗಳೂರಿನಲ್ಲಿ ಆರಂಭವಾದ ಮೊಕದ್ದಮೆಯಲ್ಲಿಯೇ. ಸತ್ಯಂ ಇನ್ಫೋವೇ ಎಂಬ ಕಂಪನಿ 1999ರಲ್ಲಿ 'ಸಿಫಿ' ಎಂಬ ಪದವಿರುವ ಹಲವು ಡೊಮೈನ್ ಹೆಸರುಗಳನ್ನು ಪಡೆದಿತ್ತು. ಅನಂತರ ಬಂದ ಸಿಫಿನೆಟ್ ಸಲ್ಯೂಷನ್ಸ್ ಎಂಬ ಕಂಪನಿ 'ಸಿಫ್ಫಿನೆಟ್ ಡಾಟ್ ಕಾಮ್' ಮತ್ತು 'ಸಿಫ್ಫಿನೆಟ್ ಡಾಟ್ ನೆಟ್' ಎಂಬ ಹೆಸರಿನಿಂದ ವ್ಯವಹಾರ ನಡೆಸಿತು. ಐವರು ಪ್ರವರ್ತಕರ ಹೆಸರಿನ ಮೊದಲ ಅಕ್ಷರಗಳಿಂದ ಆ ಪದ ಹುಟ್ಟಿತೆಂದು ಅದು ವಾದಿಸಿತು. ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯ ತಾತ್ಕಾಲಿಕ ತಡೆಯಾಜ್ಞೆ ಕೊಟ್ಟಿತು. ಕರ್ನಾಟಕ ಹೈಕೋರ್ಟು ಅದನ್ನು ತೆಗೆದುಹಾಕಿತು. ಸುಪ್ರೀಂ ಕೋರ್ಟು 2004ರ ಮೇ 6ರಂದು ಹೈಕೋರ್ಟಿನ ಆದೇಶವನ್ನು ರದ್ದುಮಾಡಿ ತಡೆಯಾಜ್ಞೆಯನ್ನು ಮತ್ತೆ ಎತ್ತಿಹಿಡಿಯಿತು.

ಈ ತೀರ್ಪಿನಿಂದ ರೈತರು ತಿಳಿಯಬೇಕಾದುದು ಎರಡು. ಒಂದು, ಡೊಮೈನ್ ಹೆಸರು ಬರಿಯ ವಿಳಾಸವಲ್ಲ. ವ್ಯಾಪಾರವನ್ನು ಗುರುತಿಸುವ ಹೆಸರೂ ಹೌದು. ಎರಡು, ಕಾಗುಣಿತದಲ್ಲಿ ಒಂದಕ್ಷರ ಹೆಚ್ಚು ಕಡಿಮೆ ಮಾಡಿದ ಮಾತ್ರಕ್ಕೆ ಪಾರಾಗಲಾಗದು. ಕಿವಿಗೆ ಒಂದೇ ತೆರನಾಗಿ ಕೇಳಿದರೂ ಸಾಕು.

'ನಂದಿನಿ'ಯ ಪಾಠ

ಹಸುವಿಗೆ ನಂದಿನಿ ಎಂದು ಹೆಸರಿಡುವುದು ನಮ್ಮಲ್ಲಿ ವಾಡಿಕೆ. ಬೆಳಕವಾಡಿ ಕಡೆಯ ಒಬ್ಬ ಹೈನುಗಾರ ತನ್ನ ಹಸುವಿನ ಹೆಸರನ್ನೇ ತುಪ್ಪದ ಜಾಲತಾಣಕ್ಕೂ ಇಟ್ಟನೆಂದು ಭಾವಿಸಬಹುದು. ಅವನ ಮನಸ್ಸಿನಲ್ಲಿ ಮೋಸವಿರಲಾರದು. ಆದರೆ ಕರ್ನಾಟಕ ಹಾಲು ಮಹಾಮಂಡಳಿ 1985ರಿಂದ ಹಾಲು ಮತ್ತು ಹಾಲಿನ ಪದಾರ್ಥಗಳಿಗೆ ಇದೇ ಹೆಸರನ್ನು ಬಳಸುತ್ತಾ ಬಂದಿದೆ. ಗ್ರಾಹಕರು ಆ ತುಪ್ಪವನ್ನು ಮಹಾಮಂಡಳಿಯದೆಂದೇ ತಿಳಿದು ಕೊಳ್ಳುವುದು ಸಹಜವಾದುದರಿಂದ ಹೈನುಗಾರನಿಗೆ ತೊಡಕು ತಪ್ಪದು.

ಇದೇ ಹೆಸರಿನ ಇನ್ನೊಂದು ಮೊಕದ್ದಮೆಯೂ ಗಮನಾರ್ಹ. ಬೆಂಗಳೂರಿನ 'ನಂದಿನಿ ಡಿಲಕ್ಸ್' ಹೋಟೆಲು 1989ರಿಂದ ನಡೆದು ಬಂದುದು. ಅದರ ಚಿಹ್ನೆಯ ನೋಂದಣಿಗೆ ಮಹಾಮಂಡಳಿ ಆಕ್ಷೇಪಿಸಿತು. 2018ರ ಜುಲೈ 26ರಂದು ಸುಪ್ರೀಂ ಕೋರ್ಟು ಹೋಟೆಲಿನ ಪರ ತೀರ್ಪಿತ್ತಿತು. ನಂದಿನಿ ಎಂಬುದು ಪುರಾಣದಿಂದ ಬಂದ ಹೆಸರು, ಯಾರೂ ಹೊಸದಾಗಿ ಕಟ್ಟಿದ ಪದವಲ್ಲ; ಎರಡು ಕಡೆಯ ಸರಕುಗಳೂ ಬೇರೆ ಎಂಬುದು ಅದಕ್ಕೆ ಆಧಾರ. ಆದರೆ ಹಾಲು ಮತ್ತು ಹಾಲಿನ ಪದಾರ್ಥಗಳಿಗೆ ಆ ಹೆಸರನ್ನು ಕೇಳುವುದಿಲ್ಲವೆಂದು ಹೋಟೆಲಿನವರು ಒಪ್ಪಿಕೊಂಡಿದ್ದರು. ಬೇರೆ ಸರಕಿಗೆ ಎಷ್ಟೋ ವೇಳೆ ದಾರಿಯುಂಟು, ಅದೇ ಸರಕಿಗೆ ದಾರಿ ಬಹಳ ಇಕ್ಕಟ್ಟು ಎಂಬುದು ಇದರ ಸಾರ. ಬೇರೆ ಸರಕಾದರೂ ತೀರ ಹೆಸರುವಾಸಿಯಾದ ಚಿಹ್ನೆಗಳ ಕೀರ್ತಿಯನ್ನು ಅನ್ಯಾಯವಾಗಿ ಬಳಸಿಕೊಳ್ಳುವುದನ್ನು ಕಾಯಿದೆ ತಡೆಯುತ್ತದೆ.

ಆಗಬಹುದಾದ ನಷ್ಟಗಳು

1. ನ್ಯಾಯಾಲಯ ತಡೆಯಾಜ್ಞೆ ನೀಡಿ, ನಷ್ಟ ಪರಿಹಾರವನ್ನೋ ಬಂದ ಲಾಭದ ಲೆಕ್ಕವನ್ನೋ ಕೊಡಿಸಬಹುದು.

2. ನೋಂದಾಯಿತ ಚಿಹ್ನೆಯ ಒಡೆಯರು ತಾವಿರುವ ಅಥವಾ ವ್ಯಾಪಾರ ನಡೆಸುವ ಊರಿನಲ್ಲಿಯೇ ದಾವೆ ಹೂಡಬಹುದು. ಬೆಳಕವಾಡಿಯ ರೈತ ದೆಹಲಿಗೋ ಮುಂಬಯಿಗೋ ಅಲೆಯಬೇಕಾದೀತು.

3. ನ್ಯಾಯಾಲಯಕ್ಕೆ ಹೋಗದೆಯೂ ವಿಳಾಸ ಕೈಬಿಡಬಹುದು. ಡಾಟ್ ಕಾಮ್ ಹೆಸರುಗಳಿಗೆ 1999ರಲ್ಲಿ ಬಂದ ಅಂತಾರಾಷ್ಟ್ರೀಯ ವಿವಾದ ನೀತಿ ಇದೆ. ಡಾಟ್ ಇನ್ ಹೆಸರುಗಳ ವಿವಾದಗಳು ನಿಕ್ಸಿ ಸಂಸ್ಥೆಯ ನೀತಿಯಂತೆ ಪಂಚಾಯ್ತಿದಾರರ ಮುಂದೆ ಬರುತ್ತವೆ. ದುರುದ್ದೇಶ ಕಂಡುಬಂದರೆ ಹೆಸರನ್ನು ರದ್ದುಮಾಡುತ್ತಾರೆ, ಇಲ್ಲವೇ ದೂರುದಾರರಿಗೆ ವರ್ಗಾಯಿಸುತ್ತಾರೆ.

4. ಸುಳ್ಳು ಚಿಹ್ನೆಯನ್ನು ಸರಕಿಗೆ ಹಾಕಿ ಮಾರುವುದು ಅಪರಾಧ. ಇದಕ್ಕೆ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ ಮತ್ತು 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡವನ್ನು ಕಾಯಿದೆ ವಿಧಿಸುತ್ತದೆ.

ಇವೆಲ್ಲಕ್ಕಿಂತ ದೊಡ್ಡದು ಗಿರಾಕಿಗಳ ನಷ್ಟ. ಅಚ್ಚು ಹಾಕಿಸಿದ ಚೀಲ, ಚೀಟಿಗಳು ವ್ಯರ್ಥವಾಗುತ್ತವೆ. ಹಳೆಯ ವಿಳಾಸ ನೆನಪಿಟ್ಟುಕೊಂಡವರು ಮತ್ತೆ ಹುಡುಕಿ ಬರುವುದು ಅಪರೂಪ.

ನಕಲಿ ತಾಣಗಳ ಹಾವಳಿ

ಹೆಸರಾಂತ ಹೆಸರಿನ ತಾಣ ತೆರೆದು ಏಜೆನ್ಸಿ ಕೊಡುವುದಾಗಿ ಹಣ ಕೀಳುವವರೂ ಇದ್ದಾರೆ. 'ಅಮುಲ್' ಹೆಸರಿನ ಇಂತಹ ನಕಲಿ ತಾಣಗಳ ವಿರುದ್ಧ ಗುಜರಾತ್ ಹಾಲು ಮಹಾಮಂಡಳಿ 2020ರಲ್ಲಿ ದೆಹಲಿ ಹೈಕೋರ್ಟಿನಿಂದ ಆದೇಶ ಪಡೆಯಿತು. ಆದುದರಿಂದ ಸಂಸ್ಥೆಗಳು ತಮ್ಮ ಹೆಸರಿನ ತಾಣಗಳನ್ನು ಸಂಶಯದಿಂದಲೇ ನೋಡುತ್ತವೆ. ರೈತರೂ ಹಣ ಕಳುಹಿಸುವ ಮುನ್ನ ಸಂಸ್ಥೆಯ ಕಚೇರಿಯನ್ನು ವಿಚಾರಿಸುವುದು ಒಳ್ಳೆಯದು.

ಯಾವುದಕ್ಕೆ ಅಡ್ಡಿಯಿಲ್ಲ?

ಸರಕಿನ ಬಗೆ, ಗುಣ, ಊರು ಇವುಗಳನ್ನು ಪ್ರಾಮಾಣಿಕವಾಗಿ ತಿಳಿಸುವುದಕ್ಕೆ ಕಾಯಿದೆ ಅಡ್ಡಿಮಾಡದು. ಬೆಳಕವಾಡಿಯಲ್ಲಿ ಬೆಳೆದ ಅಕ್ಕಿಯನ್ನು ಬೆಳಕವಾಡಿಯ ಅಕ್ಕಿ ಎನ್ನಬಹುದು. ಬಿತ್ತನೆ ಬೀಜ, ಗೊಬ್ಬರದ ಅಂಗಡಿಯವರು ತಾವು ಮಾರುವ ಕಂಪನಿಗಳ ಹೆಸರನ್ನು ತಾಣದ ಒಳಗೆ ನಿಜಸಂಗತಿಯಾಗಿ ಬರೆಯಬಹುದು. ಕಂಪನಿಯ ಸ್ವಂತ ತಾಣವೆಂಬ ಭ್ರಮೆ ಹುಟ್ಟುವಂತೆ ಅದನ್ನು ವಿಳಾಸದಲ್ಲಿ ಸೇರಿಸಬಾರದು. ನಂಜನಗೂಡು ರಸಬಾಳೆ, ಬ್ಯಾಡಗಿ ಮೆಣಸಿನಕಾಯಿ ಮುಂತಾದುವಕ್ಕೆ ಭೌಗೋಳಿಕ ಸೂಚಿಯ ರಕ್ಷಣೆ ಇದೆ. ಬೇರೆ ಕಡೆ ಬೆಳೆದ ಮಾಲಿಗೆ ಆ ಹೆಸರು ಸಲ್ಲದು.

ಅನುಸರಿಸಬೇಕಾದ ಕ್ರಮಗಳು

1. ಊರು, ಹೊಳೆ, ಹೊಲ ಅಥವಾ ಗುಂಪಿನ ಹೆಸರಿನೊಡನೆ ಹೊಸ ಪದ ಕೂಡಿಸಿ ಸ್ವಂತ ಹೆಸರು ಕಟ್ಟಬೇಕು.

2. ಕೇಂದ್ರ ಸರ್ಕಾರದ ವ್ಯಾಪಾರ ಚಿಹ್ನೆಗಳ ಜಾಲತಾಣದಲ್ಲಿ ಆ ಹೆಸರನ್ನೂ, ಅದೇ ಉಚ್ಚಾರದ ಬೇರೆ ಕಾಗುಣಿತಗಳನ್ನೂ ಹುಡುಕಿ ನೋಡಬೇಕು. ಇದಕ್ಕೆ ಶುಲ್ಕವಿಲ್ಲ. ಅಕ್ಕಿ, ಬೆಲ್ಲಗಳು 30ನೇ ವರ್ಗದಲ್ಲಿ, ಹಾಲು, ತುಪ್ಪ 29ರಲ್ಲಿ, ತಾಜಾ ಹಣ್ಣು, ತರಕಾರಿ 31ರಲ್ಲಿ ಬರುತ್ತವೆ.

3. ತೊಡಕಿಲ್ಲವೆಂದು ಖಚಿತವಾದ ಮೇಲೆ ಡೊಮೈನ್ ಹೆಸರನ್ನು ಗುಂಪಿನ ಹೆಸರಿನಲ್ಲಿಯೇ ಪಡೆಯಬೇಕು.

4. ಅದೇ ಹೆಸರನ್ನು ವ್ಯಾಪಾರ ಚಿಹ್ನೆಯಾಗಿ ನೋಂದಾಯಿಸುವುದು ಲೇಸು. ಕರ್ನಾಟಕಕ್ಕೆ ಸಂಬಂಧಿಸಿದ ಕಚೇರಿ ಚೆನ್ನೈಯಲ್ಲಿದೆ. ಅರ್ಜಿಯನ್ನು ಅಂತರಜಾಲದ ಮೂಲಕವೇ ಕಳುಹಿಸಬಹುದು. 2017ರ ನಿಯಮಗಳಂತೆ ಹೀಗೆ ಕಳುಹಿಸುವ ಅರ್ಜಿಗೆ ವರ್ಗವೊಂದಕ್ಕೆ ವ್ಯಕ್ತಿಗಳು, ನವೋದ್ಯಮಗಳು ಮತ್ತು ಸಣ್ಣ ಉದ್ದಿಮೆಗಳಿಗೆ 4,500 ರೂಪಾಯಿ, ಉಳಿದವರಿಗೆ 9,000 ರೂಪಾಯಿ. ನೋಂದಣಿ 10 ವರ್ಷ ಊರ್ಜಿತ, ಮತ್ತೆ ನವೀಕರಿಸಬಹುದು.

ನೋಟೀಸು ಬಂದರೆ

ನೋಟೀಸನ್ನು ಅಲಕ್ಷಿಸಬಾರದು. ಕೊಟ್ಟಿರುವ ವಾಯಿದೆಯೊಳಗೆ ವಕೀಲರನ್ನು ಕಾಣಬೇಕು. ಹೆಸರನ್ನು ಎಂದಿನಿಂದ ಬಳಸಲಾಗಿದೆ ಎಂಬುದಕ್ಕೆ ಬಿಲ್ಲು, ಚೀಟಿ, ರಸೀದಿಗಳನ್ನು ಕೂಡಿಡಬೇಕು. "ಇಷ್ಟು ಹಣ ಕೊಟ್ಟರೆ ಹೆಸರು ಬಿಟ್ಟುಕೊಡುತ್ತೇವೆ" ಎಂದು ಬರೆಯಲೇಬಾರದು. ಅದೇ ದುರುದ್ದೇಶಕ್ಕೆ ಸಾಕ್ಷಿಯಾಗಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಡಿ ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು ಮತ್ತು ಕಡಿಮೆ ವರಮಾನದವರು ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ನೆರವು ಕೇಳಬಹುದು.

ಬಿತ್ತುವ ಮುನ್ನ ಬೀಜದ ಮೊಳಕೆ ಪರೀಕ್ಷಿಸುವುದು ರೈತರಿಗೆ ಹೊಸದಲ್ಲ. ಹೆಸರಿನ ವಿಷಯದಲ್ಲಿಯೂ ಅಷ್ಟೇ ಎಚ್ಚರ ವಹಿಸಿದರೆ ಬೆಳೆದ ಮಾಲಿನೊಡನೆ ಗಳಿಸಿದ ಹೆಸರೂ ರೈತರ ಕೈಯಲ್ಲಿಯೇ ಉಳಿಯುತ್ತದೆ.