ಅನುವೃತ್ತಿಯೂ ಗಣಕಯಂತ್ರದ ಹೆಸರುಗಳ ವ್ಯಾಪ್ತಿಯೂ

ಒಮ್ಮೆ ಹೇಳಿದುದನ್ನು ಮತ್ತೆ ಹೇಳದಿರುವುದು ಸೂತ್ರಕಾರರ ವ್ರತ. ಪಾಣಿನಿಯ ಅಷ್ಟಾಧ್ಯಾಯಿಯ ಸುಮಾರು 4000 ಸೂತ್ರಗಳು ಅಷ್ಟು ಕಿರಿದಾಗಿರುವುದಕ್ಕೆ ಅನುವೃತ್ತಿಯು ಒಂದು ಮುಖ್ಯ ಕಾರಣ. ಮೊದಲನೆಯ ಅಧ್ಯಾಯದ ಮೂರನೆಯ ಪಾದದ 2ನೆಯ ಸೂತ್ರವು ಉಪದೇಶದಲ್ಲಿ ಬರುವ ಅನುನಾಸಿಕ ಸ್ವರಕ್ಕೆ ‘ಇತ್’ ಸಂಜ್ಞೆಯನ್ನು ವಿಧಿಸುತ್ತದೆ. 3ನೆಯದು ಕೊನೆಯ ವ್ಯಂಜನವನ್ನಷ್ಟೇ ಹೆಸರಿಸಿ ಸುಮ್ಮನಾಗುತ್ತದೆ. ಉಳಿದ ಪದಗಳು ಹಿಂದಿನಿಂದ ಹರಿದುಬಂದು ಅದನ್ನು ಪೂರ್ಣಗೊಳಿಸುತ್ತವೆ. ಅಧಿಕಾರಸೂತ್ರಗಳ ಹರಹು ಇನ್ನೂ ದೊಡ್ಡದು. ಮೂರನೆಯ ಅಧ್ಯಾಯದ ಆದಿಯಲ್ಲಿಟ್ಟ ‘ಪ್ರತ್ಯಯ’ವೆಂಬ ಒಂದೇ ಪದ ಐದನೆಯ ಅಧ್ಯಾಯದ ಅಂತ್ಯದವರೆಗೆ ಆಳುತ್ತದೆ.

ಗಣಕಯಂತ್ರಕ್ಕೆ ಆದೇಶ ಬರೆಯುವವರೂ ಇಂತಹುದೇ ಲಾಘವವನ್ನು ಅರಸಿದರು. 1995ರಲ್ಲಿ ರಾಸ್ಮುಸ್ ಲೆರ್ಡಾರ್ಫ್ ಹೊರತಂದ ಪಿ.ಎಚ್.ಪಿ. ಭಾಷೆಯನ್ನು ನೋಡಬಹುದು. ಜಾಲತಾಣದ ನೂರು ಪುಟಗಳಿಗೂ ಒಂದೇ ಶಿರೋಭಾಗ ಬೇಕಾದಾಗ ಅದನ್ನು ಪ್ರತ್ಯೇಕ ಕಡತದಲ್ಲಿ ಒಮ್ಮೆ ಬರೆದಿಟ್ಟು, ಪ್ರತಿ ಪುಟದಲ್ಲಿಯೂ ‘ಇನ್‌ಕ್ಲೂಡ್’ ಎಂಬ ಆದೇಶದಿಂದ ಕರೆಯುತ್ತಾರೆ. ತಿದ್ದುಪಡಿ ಒಂದೆಡೆ, ಫಲ ನೂರು ಕಡೆ. ಕಡತ ದೊರೆಯದಿದ್ದರೆ ‘ಇನ್‌ಕ್ಲೂಡ್’ ಎಚ್ಚರಿಕೆ ಕೊಟ್ಟು ಮುಂದುವರಿಯುತ್ತದೆ; ‘ರಿಕ್ವೈರ್’ ಎಂಬುದಾದರೋ ಕೆಲಸವನ್ನೇ ನಿಲ್ಲಿಸುತ್ತದೆ.

ಸೂಕ್ಷ್ಮವಿರುವುದು ಹೆಸರುಗಳ ವ್ಯಾಪ್ತಿಯಲ್ಲಿ. ಕರೆಸಿಕೊಂಡ ಕಡತವು ಕರೆದ ಸಾಲಿನ ವ್ಯಾಪ್ತಿಯನ್ನೇ ಪಡೆಯುತ್ತದೆ. ಪುಟದಲ್ಲಿ ಮೊದಲೇ ‘ಶೀರ್ಷಿಕೆ’ ಎಂಬ ಚರಕ್ಕೆ ಬೆಲೆ ಕೊಟ್ಟಿದ್ದರೆ ಒಳಬಂದ ಕಡತಕ್ಕೆ ಅದು ಕಾಣುತ್ತದೆ. ಇಷ್ಟರಮಟ್ಟಿಗೆ ಇದು ಅನುವೃತ್ತಿಯೇ. ಆದರೆ ಕಂಡದ್ದನ್ನು ಬದಲಾಯಿಸಲೂ ಆ ಕಡತ ಬಲ್ಲದು. ಅಂಕಪಟ್ಟಿಯ ಪುಟವೊಂದು ವಿದ್ಯಾರ್ಥಿಯ ಅಂಕಗಳನ್ನು ‘ಮೊತ್ತ’ ಎಂಬ ಹೆಸರಿನಲ್ಲಿ ಕೂಡಿಸಿಟ್ಟಿದೆ ಎನ್ನೋಣ. ನಡುವೆ ಸೇರಿಸಿದ ಕಡತವೂ ಶುಲ್ಕದ ಲೆಕ್ಕಕ್ಕೆ ಅದೇ ಹೆಸರನ್ನು ಬಳಸಿದರೆ, ಅಂಕವಿರಬೇಕಾದಲ್ಲಿ ಶುಲ್ಕ ಅಚ್ಚಾಗುತ್ತದೆ. ಯಂತ್ರ ಒಂದು ಮಾತೂ ಆಡುವುದಿಲ್ಲ. ಕೆಡುವುದು ಪಾಪ, ಆ ಬಾಲಕನ ಫಲಿತಾಂಶ.

ಇಂತಹ ಸಂಕರವನ್ನು ತಡೆಯಲು ‘ಫಂಕ್ಷನ್’ ಎಂಬ ಪ್ರಕರಣಕ್ಕೆ ಗೋಡೆಯುಂಟು. ಹೊರಗಿನ ಚರ ಒಳಗೆ ತಾನಾಗಿ ಹರಿಯದು. ‘ಗ್ಲೋಬಲ್’ ಎಂದು ಘೋಷಿಸಬೇಕು, ಇಲ್ಲವೆ ಬೆಲೆಯನ್ನು ಬಾಗಿಲಲ್ಲೇ ಕೈಗೆ ಕೊಡಬೇಕು. ಎರಡನೆಯದೇ ಮೇಲು, ಮೊದಲನೆಯದು ಗೋಡೆ ಕಟ್ಟಿ ಕನ್ನ ಕೊರೆದಂತೆ. ಕಡತವನ್ನು ಫಂಕ್ಷನ್ನಿನ ಒಳಗಿಂದ ಕರೆದರೆ ಅದರ ಚರಗಳು ಆ ಗೋಡೆಯೊಳಗೇ ಉಳಿಯುತ್ತವೆ. ಅದರಲ್ಲಿ ನಿರೂಪಿಸಿದ ಫಂಕ್ಷನ್‌ಗಳು ಮಾತ್ರ ಎಲ್ಲೆಡೆಗೂ ಸಲ್ಲುತ್ತವೆ. ಆದುದರಿಂದ ಅಂತಹ ಕಡತವನ್ನು ಎರಡು ಸಲ ಕರೆದರೆ ಪುನರುಕ್ತಿದೋಷ ತಟ್ಟಿ ಕೆಲಸ ನಿಲ್ಲುತ್ತದೆ. ಇದರ ಪರಿಹಾರಕ್ಕೆ ‘ಇನ್‌ಕ್ಲೂಡ್ ಒನ್ಸ್’ ಎಂಬ ಆದೇಶವಿದೆ.

ಪಾಣಿನಿಯಲ್ಲಿ ಅಧಿಕಾರವನ್ನು ಗುರುತಿಸಲು ಸ್ವರಿತವಿತ್ತು; ಪಾಠಪರಂಪರೆಯಲ್ಲಿ ಆ ಗುರುತು ಉಳಿಯಲಿಲ್ಲ. ಯಾವ ಪದ ಎಲ್ಲಿಯವರೆಗೆ ಎಂಬುದನ್ನು ಇಂದು ಕಾಶಿಕಾದಿ ವ್ಯಾಖ್ಯಾನಗಳಿಂದಲೇ ಅರಿಯಬೇಕು. ಪದವೊಂದು ನಡುವಿನ ಸೂತ್ರಗಳನ್ನು ಬಿಟ್ಟು ಮುಂದಕ್ಕೆ ನೆಗೆಯುವ ಕಡೆ ಅವರು ‘ಮಂಡೂಕಪ್ಲುತಿ’ಯನ್ನು ಒಪ್ಪಿದರು. ಯಂತ್ರಕ್ಕೆ ಕಪ್ಪೆಯ ನೆಗೆತ ತಿಳಿಯದು. ಗೋಡೆಯಾಚೆಯ ಚರವನ್ನು ಒಳಗಿನಿಂದ ಹೆಸರಿಸಿದರೆ ಪಿ.ಎಚ್.ಪಿ. ಹಿಂದೆ ಬರಿಯ ಸೂಚನೆ ಕೊಡುತ್ತಿತ್ತು. 2020ರ 8ನೆಯ ಆವೃತ್ತಿಯಿಂದ ಅದು ಎಚ್ಚರಿಕೆಯಾಗಿದೆ. ಆದರೂ ಕೆಲಸ ನಿಲ್ಲದೆ, ಆ ಚರದ ಸ್ಥಾನದಲ್ಲಿ ಶೂನ್ಯವನ್ನಿಟ್ಟುಕೊಂಡು ಮುಂದೆ ಸಾಗುತ್ತದೆ.