ಪ್ಲಾಸ್ಟಿಕ್ ಎರಕವೂ ಹನಿ ನೀರಾವರಿಯ ಡ್ರಿಪ್ಪರುಗಳೂ

ಹನಿ ನೀರಾವರಿಯ ತೋಟಗಳಲ್ಲಿ ಒಂದೇ ಸಾಲಿನ ಒಂದು ಗಿಡವು ಸೊಂಪಾಗಿಯೂ ಅದರ ಪಕ್ಕದ ಗಿಡವು ಬಾಡಿಯೂ ಇರುವುದುಂಟು. ಅದರ ದೋಷವನ್ನು ಮಣ್ಣಿನ ಮೇಲೋ ಗೊಬ್ಬರದ ಮೇಲೋ ಹೊರಿಸುವುದು ವಾಡಿಕೆ. ಆದರೆ ಗಿಡದ ಬುಡದಲ್ಲಿರುವ ಡ್ರಿಪ್ಪರು ಹೇಗೆ ತಯಾರಾಯಿತೆಂಬುದನ್ನೂ ವಿಚಾರಿಸತಕ್ಕದ್ದು.

ಡ್ರಿಪ್ಪರು ಎರಕದ ಪದಾರ್ಥವು. ಕಂಚುಗಾರನು ಕರಗಿದ ಲೋಹವನ್ನು ಅಚ್ಚಿಗೆ ಹೊಯ್ಯುತ್ತಾನೆ. ಕರಗಿದ ಪ್ಲಾಸ್ಟಿಕ್ಕಾದರೋ ಜೇನಿಗಿಂತಲೂ ಮಂದವಾದುದರಿಂದ ತಾನಾಗಿ ಹರಿದು ಅಚ್ಚಿನ ಮೂಲೆಗಳನ್ನು ತುಂಬಲಾರದು. ಅದನ್ನು ಬಲವಾದ ಒತ್ತಡದಿಂದ ನುಗ್ಗಿಸಬೇಕು. ಸೆಲ್ಯುಲಾಯಿಡನ್ನು ಹೀಗೆ ನುಗ್ಗಿಸುವ ಯಂತ್ರಕ್ಕೆ ಅಮೆರಿಕಾ ದೇಶದ ಹಯಾಟ್ ಸಹೋದರರು ೧೮೭೨ರಲ್ಲಿ ಪೇಟೆಂಟು ಪಡೆದರು. ೧೯೪೬ರಲ್ಲಿ ಜೇಮ್ಸ್ ಹೆಂಡ್ರಿ ಎಂಬಾತನು ತಿರುಪಿನಿಂದ ನೂಕುವ ಯಂತ್ರವನ್ನು ನಿರ್ಮಿಸಿದನು. ಇಂದಿನ ಕಾರ್ಖಾನೆಗಳಲ್ಲಿರುವುದು ಬಹುಮಟ್ಟಿಗೆ ಈ ಬಗೆಯದೇ.

ಕಾಳಿನಂತಿರುವ ಪ್ಲಾಸ್ಟಿಕ್ಕು ಕಾದ ಕೊಳವೆಯೊಳಗೆ ಇಳಿದು ಕರಗುತ್ತದೆ. ಪಾಲಿಪ್ರೊಪಿಲೀನ್ ಎಂಬ ಜಾತಿಗೆ ಸುಮಾರು ೨೦೦ರಿಂದ ೨೫೦ ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು. ತಿರುಪು ಮುಂದೊತ್ತಿದೊಡನೆ ಪಾಕವು ಎರಡು ಹೋಳುಗಳ ಉಕ್ಕಿನ ಅಚ್ಚನ್ನು ಹೊಗುತ್ತದೆ. ಅಚ್ಚಿನ ಒಡಲಲ್ಲಿ ಹರಿಯುವ ನೀರು ಅದನ್ನು ಆರಿಸುತ್ತದೆ. ಹೆಚ್ಚು ವೇಳೆ ಹಿಡಿಯುವುದು ಈ ಆರಿಸುವಿಕೆಗೇ. ಇಲ್ಲಿ ಅವಸರಪಟ್ಟರೆ ಪದಾರ್ಥವು ಸೊಟ್ಟಾಗುತ್ತದೆ. (ನೀರಿನ ಪೈಪುಗಳ ಕ್ರಮವೇ ಬೇರೆ, ಅವನ್ನು ಶಾವಿಗೆಯಂತೆ ಒತ್ತಿ ತೆಗೆಯುತ್ತಾರೆ.)

ಮುಖ್ಯವಾಗಿ ಗಮನಿಸತಕ್ಕ ಸಂಗತಿ ಇನ್ನೊಂದುಂಟು. ಒಂದು ಅಚ್ಚಿನಲ್ಲಿ ಅನೇಕ ಗುಳಿಗಳಿದ್ದು, ಒಂದೇ ಒತ್ತಿಗೆ ಅಷ್ಟೂ ಡ್ರಿಪ್ಪರುಗಳು ಹೊರಬೀಳುತ್ತವೆ. ಗುಳಿಯೊಂದು ಸವೆದಿದ್ದರೆ ಅದರಲ್ಲಿ ಹುಟ್ಟಿದ ಪ್ರತಿಯೊಂದರಲ್ಲಿಯೂ ಅದೇ ದೋಷ, ಮಿಕ್ಕವು ನಿರ್ದುಷ್ಟವಾಗಿರುತ್ತವೆ. ಪರೀಕ್ಷೆಯಿಲ್ಲದ ಕಡೆ ಎರಡೂ ಒಂದೇ ಚೀಲದಲ್ಲಿ ಬೆರೆತು ಅಂಗಡಿಗೆ ಬರುತ್ತವೆ. ನೀರಿನ ದಾರಿಯು ಸುಮಾರು ಒಂದು ಮಿಲಿಮೀಟರಿನಷ್ಟೇ ಆದುದರಿಂದ, ಕಣ್ಣಿಗೆ ಕಾಣದ ವ್ಯತ್ಯಾಸವೂ ಗಿಡಕ್ಕೆ ತಿಳಿಯುತ್ತದೆ. ಆದಕಾರಣ ಊರಿಗೆಲ್ಲ ಒಟ್ಟಾಗಿ ಸಾಮಾನು ತರಿಸುವ ಮುಖಂಡರು ಮಾದರಿಗೆ ಒಂದನ್ನು ನೋಡಿ ತೃಪ್ತಿಪಡುವುದು ಏತಕ್ಕೂ ಸಾಲದು. ಡ್ರಿಪ್ಪರುಗಳಿಗೆ ಗೊತ್ತುಮಾಡಿರುವ ಐ. ಎಸ್. ೧೩೪೮೭ ಎಂಬ ಸಂಖ್ಯೆಯೂ ಐ. ಎಸ್. ಐ. ಗುರುತೂ ಇವೆಯೇ ಎಂದು ಮೊದಲು ನೋಡಬೇಕು.

ತೋಟದಲ್ಲಿ ಪರೀಕ್ಷೆಯು ಕಷ್ಟವಲ್ಲ. ಫಿಲ್ಟರನ್ನು ತೊಳೆದು, ತಯಾರಕರು ಸೂಚಿಸಿದ ಒತ್ತಡದಲ್ಲಿ ನೀರು ಬಿಟ್ಟು, ಸಾಲಿನ ಮೊದಲು, ನಡು, ಕೊನೆಗಳಲ್ಲಿ ನಾಲ್ಕಾರು ಡ್ರಿಪ್ಪರುಗಳ ಕೆಳಗೆ ಪಾತ್ರೆಗಳನ್ನಿಡುವುದು. ಗಂಟೆಗೆ ೪ ಲೀಟರೆಂದು ಗುರುತಿರುವ ಡ್ರಿಪ್ಪರು ೧೫ ನಿಮಿಷಕ್ಕೆ ೧ ಲೀಟರು ಕೊಡಬೇಕು. ಕೊನೆಯವೆಲ್ಲ ಕಡಮೆ ಕೊಟ್ಟರೆ ಒತ್ತಡವು ಸಾಲದೆಂದು ತಿಳಿಯತಕ್ಕದ್ದು. ನೆರೆಹೊರೆಯ ಎರಡರಲ್ಲಿ ಭೇದ ಕಂಡರೆ ಅವನ್ನು ಬಿಚ್ಚಿ ತೊಳೆದು, ಸ್ಥಳ ಅದಲುಬದಲು ಮಾಡಿ ಮತ್ತೆ ಅಳೆಯಬೇಕು. ಆಗಲೂ ಅದೇ ಡ್ರಿಪ್ಪರು ಕಡಮೆ ಕೊಟ್ಟರೆ ದೋಷವು ಎರಕದ್ದು. ಅಂಥದನ್ನು ರಸೀದಿಯೊಡನೆ ಅಂಗಡಿಗೆ ಹಿಂದಿರುಗಿಸತಕ್ಕದ್ದು.