ಹಳೆಯ ಗುಂಡಿಗೆ ಹುಣಸೆಹಣ್ಣು ಹಚ್ಚಬೇಡಿ

ಶ್ರೀರಂಗಪಟ್ಟಣದಿಂದ ಕ್ಯಾತನಹಳ್ಳಿವರೆಗಿನ ನೆಲದಲ್ಲಿ ಹಳೆಯ ಗುಂಡು ಸಿಕ್ಕರೆ ಅದು ಟಿಪ್ಪುವಿನದೇ ಎಂದು ತೀರ್ಮಾನಿಸಿಬಿಡುವವರು ಬಹಳ. 1792 ಮತ್ತು 1799ರ ಮುತ್ತಿಗೆ ಕಂಡ ಸೀಮೆ, ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರು ತಂದ ಸೀಮೆ. ಹಾಗೆ ಅನ್ನಿಸುವುದು ಸಹಜ. ಆದರೆ ಗುಂಡಿನ ಕಾಲ ತಿಳಿಯುವುದು ಅದರ ಮೈಮೇಲಿನ ಗುರುತು ಮತ್ತು ಅದು ಸಿಕ್ಕ ಜಾಗದಿಂದ. ಈ ಎರಡು ಸಾಕ್ಷ್ಯಗಳನ್ನೂ ನಾವು ಮೊದಲ ದಿನವೇ ಕಳೆದುಕೊಳ್ಳುತ್ತೇವೆ.

ಮುಟ್ಟುವ ಮುನ್ನ ಹಿತ್ತಾಳೆ ಇದೆಯೇ ನೋಡಿ. ಹಿತ್ತಾಳೆಯ ಬಾಯಲ್ಲಿ ಗುಂಡು ಇನ್ನೂ ಕೂತಿದ್ದರೆ ಅದು ಜೀವಂತ ತೋಟಾ ಎಂದೇ ತಿಳಿಯಿರಿ. ನೂರು ವರ್ಷ ಹಳೆಯದಾದರೂ ಸಿಡಿಯಬಹುದು. ಅಲ್ಲೇ ಬಿಟ್ಟು 112ಕ್ಕೆ ಕರೆ ಮಾಡಿ. ಬರಿ ಖಾಲಿ ಹಿತ್ತಾಳೆಯಾದರೆ ಟಿಪ್ಪುವಿನ ಮಾತು ಅಲ್ಲಿಗೇ ಮುಗಿಯಿತು. ಅವನ ಕಾಲದ ಸೈನಿಕ ಪಿಸ್ತೂಲಿನ ಬಾಯಿಗೆ ಮದ್ದು, ಸೀಸದ ಉಂಡೆ ತುಂಬುತ್ತಿದ್ದ. ಹಿತ್ತಾಳೆಯ ತೋಟಾ ಸೈನ್ಯಗಳಿಗೆ ಬಂದದ್ದು ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ. ತಳದ ಅಕ್ಷರಗಳನ್ನು ಓರೆ ಬೆಳಕಿನಲ್ಲಿ ಓದಿ: ಕೆ ಮತ್ತು ಎಫ್ ಇದ್ದರೆ ಪುಣೆ ಬಳಿಯ ಖಡ್ಕಿ ಕಾರ್ಖಾನೆ, ಬಾಣದ ಗುರುತು ಬ್ರಿಟಿಷ್ ಸರ್ಕಾರದ್ದು, .455 ಅಥವಾ .380 ಎಂದಿದ್ದರೆ ಸೇನೆಯ ರಿವಾಲ್ವರಿನದು. ಎರಡಂಕಿಯ 18 ಎಂದರೆ 1918, 1818 ಅಲ್ಲ. ಇಸವಿ ಇದೆಯಲ್ಲ, ಇನ್ನೇನು ಬೇಕು ಎನ್ನಬಹುದು. ಅದು ತಯಾರಾದ ವರ್ಷ ಮಾತ್ರ. ಹಾರಿಸಿದ್ದು ಎಷ್ಟೋ ವರ್ಷಗಳ ಮೇಲೆ ಇರಬಹುದು.

ಹಿತ್ತಾಳೆಯಿಲ್ಲದ ಬರಿ ಸೀಸದ ಉಂಡೆಯಾದರೆ ನನ್ನ ಒಂದೇ ಒತ್ತಾಯ: ಹುಣಸೆಹಣ್ಣು, ನಿಂಬೆಹುಳಿ, ಬೂದಿ ಯಾವುದೂ ಬೇಡ. ತಾಮ್ರದ ಚೊಂಬು ಬೆಳಗಿದಂತೆ ಗುಂಡನ್ನೂ ಬೆಳಗುವುದು ನಮ್ಮ ಮನೆಗಳ ರೂಢಿ. ಮೇಲಿನ ಬೂದು-ಬಿಳಿ ಪದರ ಕೊಳೆಯಲ್ಲ. ಸೀಸ ಬಹುಕಾಲ ಮಣ್ಣಿನಲ್ಲಿದ್ದು ಕಟ್ಟಿಕೊಂಡ ಕಾರ್ಬೊನೇಟು ಅದು. ಹುಳಿ ಸೋಕಿದರೆ ಅದು ಕರಗುತ್ತದೆ. ಜೊತೆಗೆ ಎರಕದ ಅಚ್ಚಿನ ಗೆರೆ, ಎರಕದಲ್ಲಿ ಉಳಿದ ಬಾಲ ಕತ್ತರಿಸಿದ ಚಪ್ಪಟೆ ಕಲೆ ಮಸುಕಾಗುತ್ತವೆ. ಕರಗಿದ ಸೀಸ ಕೈಗೂ ಪಾತ್ರೆಗೂ ಹತ್ತುತ್ತದೆ, ಅದು ವಿಷ. ಕೊಳೆ ತೆಗೆಯದೆ ಅಳೆಯುವುದು ಹೇಗೆ ಎಂದು ಕೇಳುವವರಿದ್ದಾರೆ. ಕೈಗವಸು ಹಾಕಿ, ಬರಿ ನೀರು ಮತ್ತು ಮೆತ್ತನೆಯ ಬ್ರಷ್ಷಿನಿಂದ ಸಡಿಲ ಮಣ್ಣಷ್ಟೇ ತೆಗೆದರೆ ಸಾಕು. ಆ ತೆಳು ಪದರದಿಂದ ಅಳತೆ ಹೆಚ್ಚು ಕೆಡುವುದಿಲ್ಲ. ವರ್ನಿಯರಿನಲ್ಲಿ ವ್ಯಾಸ, ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಕ ನೋಡಿ. ಸುಮಾರು 17.5 ಮಿ.ಮೀ., 31 ಗ್ರಾಂ ಇದ್ದರೆ ಬ್ರಿಟಿಷ್ ಕಾಲಾಳಿನ ಕೋವಿಯ ಅಳತೆ. ಸುಮಾರು 15.5 ಮಿ.ಮೀ., 22 ಗ್ರಾಂ ಇದ್ದರೆ ಕುದುರೆ ಸವಾರರ ಪಿಸ್ತೂಲು ಅಥವಾ ಕಾರ್ಬೈನಿನದು. ಎರಡರ ಬಾಯಿ ಒಂದೇ ಅಳತೆಯದಾದ್ದರಿಂದ ಉಂಡೆ ನೋಡಿ ಬೇರ್ಪಡಿಸಲಾಗದು. ಬಡಿದು ಚಪ್ಪಟೆಯಾದದ್ದಕ್ಕೆ ತೂಕವೇ ಆಧಾರ. ಇಷ್ಟಾದರೂ 1792ರದೋ 1799ರದೋ ಎಂದು ಉಂಡೆಯೊಂದೇ ಹೇಳದು. ಹೇಳುತ್ತೇನೆನ್ನುವ ವ್ಯಾಪಾರಿಯನ್ನು ನಂಬಬೇಡಿ.

ಉಳಿದದ್ದನ್ನು ಹೇಳಬೇಕಾದದ್ದು ಜಾಗ. ಶಿವಮೊಗ್ಗ ಜಿಲ್ಲೆಯ ಬಿದನೂರಿನಲ್ಲಿ 2018ರಲ್ಲಿ ಸಿಕ್ಕ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳನ್ನು ಪುರಾತತ್ವ ಇಲಾಖೆ ಟಿಪ್ಪುವಿನ ಕಾಲದವೆಂದು ಹೇಳಲು ಸಾಧ್ಯವಾದದ್ದರಲ್ಲಿ, ಅವು ಒಂದೇ ಬಾವಿಯಲ್ಲಿ ಒಟ್ಟಾಗಿ ಸಿಕ್ಕದ್ದರ ಪಾಲು ದೊಡ್ಡದು. ಸರ್ವೆ ನಂಬರು, ಆಳ, ಪಕ್ಕದಲ್ಲಿದ್ದ ವಸ್ತು ಬರೆದಿಟ್ಟು ಫೋಟೋ ತೆಗೆಯಿರಿ. ಪರವಾನಗಿಯಿಲ್ಲದೆ ತೋಟಾ ಇಟ್ಟುಕೊಳ್ಳುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಖಾಲಿ ಹಿತ್ತಾಳೆಯನ್ನೂ ಠಾಣೆಗೆ ತಿಳಿಸುವುದು ಕ್ಷೇಮ. ನಿಧಿ ಸಿಕ್ಕ ಸುದ್ದಿಯನ್ನು 1962ರ ಕರ್ನಾಟಕ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ಆ ಪತ್ರದ ನಕಲು ನಿಮ್ಮ ಬಳಿ ಇರಲಿ.